ಊರಿಗೊಂದು ಹೈಡ್ರಾಲಿಕ್ ಪ್ರೆಸ್

(ಗ್ರಾಮಸ್ಥರಿಗೂ ವಿದ್ಯಾರ್ಥಿಗಳಿಗೂ ಬಳಗವು ಏರ್ಪಡಿಸಿದ್ದ ದುರಸ್ತಿ ಶಿಬಿರದಲ್ಲಿ ನೀಡಿದ ಉಪನ್ಯಾಸದ ಪಾಠ)



ಕಾಡು, ಹೊಳೆ, ಬೆಟ್ಟಗಳ ಕುರಿತು ಚರ್ಚಿಸುವ ನಮ್ಮ ಬಳಗದಲ್ಲಿ ಇಂದು ಕಬ್ಬಿಣದ ಒಂದು ಯಂತ್ರದ ಕುರಿತು ಮಾತನಾಡಲು ನಿಂತಿದ್ದೇನೆ. ಪ್ರೆಸ್ ಎಂದೊಡನೆ ನಮ್ಮಲ್ಲಿ ಅನೇಕರಿಗೆ ಮುದ್ರಣಾಲಯದ ನೆನಪಾಗುತ್ತದೆ. ನಾನು ಹೇಳಹೊರಟಿರುವುದು ಗ್ಯಾರೇಜುಗಳ ಮೂಲೆಯಲ್ಲಿ ನಿಂತಿರುವ, ಎರಡು ಕಂಬ, ಮೇಲೊಂದು ತೊಲೆ, ಕೆಳಗೊಂದು ತೊಲೆ ಹಾಗೂ ನಡುವೆ ಒಂದು ಜ್ಯಾಕ್ ಉಳ್ಳ ಚೌಕಟ್ಟಿನ ವಿಷಯ. ಬೇರಿಂಗು, ಬುಷ್, ಗೇರು, ಪುಲ್ಲಿಗಳನ್ನು ಶಾಫ್ಟಿನಿಂದ ಕಳಚುವುದು, ಮತ್ತೆ ಅದರೊಳಗೆ ಕೂರಿಸುವುದು ಇದರ ಕೆಲಸ. ಪರಿಸರಕ್ಕೂ ಇದಕ್ಕೂ ಏನು ಸಂಬಂಧ ಎಂಬ ಪ್ರಶ್ನೆ ನಿಮ್ಮ ಮನಸ್ಸಿನಲ್ಲಿ ಮೂಡಿರಬಹುದು. ಅದಕ್ಕೆ ಉತ್ತರವನ್ನು ಕೊನೆಯಲ್ಲಿ ಲೆಕ್ಕಸಮೇತ ಕೊಡುತ್ತೇನೆ. ಮೊದಲು ನಮ್ಮ ಮನೆಯಂಗಳದಿಂದಲೇ ಆರಂಭಿಸೋಣ.

ನಮ್ಮ ಅಂಗಳದ ಯಂತ್ರಗಳು

ಮಲೆನಾಡಿನ ಮನೆಗಳಲ್ಲಿ ಒಂದು ತಲೆಮಾರಿನ ಹಿಂದೆ ತಿರುಗುವ ವಸ್ತುಗಳೆಂದರೆ ಬೀಸುವ ಕಲ್ಲು, ಬಾವಿಯ ರಾಟೆ, ಹೆಚ್ಚೆಂದರೆ ಒಂದು ಸೈಕಲ್ಲು. ಇಂದು ನೀರೆತ್ತುವ ಪಂಪು, ಅಡಿಕೆ ಸುಲಿಯುವ ಯಂತ್ರ, ಕಳೆ ಕತ್ತರಿಸುವ ಯಂತ್ರ, ಪವರ್ ಟಿಲ್ಲರ್, ಬೋರ್ಡೋ ದ್ರಾವಣ ಸಿಂಪಡಿಸುವ ಪಂಪು, ಹಿಟ್ಟಿನ ಗಿರಣಿ, ಕೆಲವು ಮನೆಗಳಲ್ಲಿ ತೊರೆಯ ನೀರಿನಿಂದ ವಿದ್ಯುತ್ ತಯಾರಿಸುವ ಕಿರು ಟರ್ಬೈನು, ಇವೆಲ್ಲ ಸೇರಿಕೊಂಡಿವೆ. ಇವುಗಳಲ್ಲಿ ಸರ್ವಸಾಮಾನ್ಯವಾದದ್ದು ಬೇರಿಂಗು. ನಮ್ಮ ಮಳೆ, ನಮ್ಮ ಕೆಸರು ಮೊದಲು ಕೆಡಿಸುವುದೂ ಅದನ್ನೇ. ಸೀಲಿನ ಅಂಚಿನಿಂದ ನೀರು ಒಳಸೇರಿ ಗ್ರೀಸನ್ನು ತೊಳೆಯುತ್ತದೆ. ತುಕ್ಕು ಹಿಡಿಯುತ್ತದೆ. ಮೊದಲು ಸದ್ದು, ಬಳಿಕ ಬಿಸಿ, ಕೊನೆಗೆ ಸ್ತಬ್ಧ.

ಅದು ನಿಲ್ಲುವ ಕಾಲವೂ ನಮ್ಮ ಅನುಕೂಲ ನೋಡಿ ಬರುವುದಿಲ್ಲ. ಅಡಿಕೆಯ ಕೊಳೆರೋಗಕ್ಕೆ ಮುಂಗಾರು ಆರಂಭವಾಗುವ ಮುನ್ನ ಒಮ್ಮೆ, ಸುಮಾರು 40ರಿಂದ 45 ದಿನಗಳ ನಂತರ ಮತ್ತೊಮ್ಮೆ ಶೇಕಡಾ 1ರ ಬೋರ್ಡೋ ದ್ರಾವಣ ಸಿಂಪಡಿಸಬೇಕು. ಎರಡನೆಯ ಸಿಂಪರಣೆಗೆ ಸಿಗುವುದು ಮಳೆಯ ನಡುವಣ ಎರಡು ಮೂರು ದಿನಗಳ ಹೊಳವು ಮಾತ್ರ. ಆ ಹೊಳವಿನಲ್ಲಿ ಪಂಪಿನ ಬೇರಿಂಗು ಕಚ್ಚಿಕೊಂಡರೆ ಹೋಗುವುದು ಬೇರಿಂಗಿನ ಬೆಲೆಯಲ್ಲ, ವರ್ಷದ ಫಸಲು. ಕಿರು ಟರ್ಬೈನಿನ ಸ್ಥಿತಿಯೂ ಅದೇ. ತೊರೆ ತುಂಬಿ ಹರಿಯುವ, ಹೊರಗಿನ ವಿದ್ಯುತ್ ತಂತಿಗಳ ಮೇಲೆ ಮರ ಬೀಳುವ ಕಾಲದಲ್ಲೇ ಅದು ಅತ್ಯಗತ್ಯ.

ಸುತ್ತಿಗೆ ಮಾಡುವ ಹಾನಿ

ಇಂತಹ ಹೊತ್ತಿನಲ್ಲಿ ನಾವು ಮಾಡುವುದೇನು? ಪೇಟೆಯಿಂದ ಹೊಸ ಬೇರಿಂಗು ತಂದು, ಶಾಫ್ಟಿನ ತುದಿಗಿಟ್ಟು, ಸುತ್ತಿಗೆಯಿಂದ ಬಡಿದು ಕೂರಿಸುತ್ತೇವೆ. ಕತ್ತಿ, ಕೊಡಲಿ, ಹಾರೆಗಳನ್ನು ತಟ್ಟಿಕೊಟ್ಟು ನಮ್ಮ ಬೇಸಾಯವನ್ನು ನಡೆಸಿದ ಸುತ್ತಿಗೆಯನ್ನು ಹಳಿಯುವ ಉದ್ದೇಶ ನನಗಿಲ್ಲ. ಕಾದ ಕಬ್ಬಿಣಕ್ಕೆ ಸುತ್ತಿಗೆಯೇ ಸರಿ. ಬೇರಿಂಗಿಗೆ ಮಾತ್ರ ಅದು ಸಲ್ಲದು.

ಕಾರಣ ಸರಳ. ಬೇರಿಂಗಿಗೆ ಒಳಗಿನದೊಂದು, ಹೊರಗಿನದೊಂದು ಉಂಗುರ, ನಡುವೆ ಉಕ್ಕಿನ ಗುಂಡುಗಳು. ಶಾಫ್ಟಿಗೆ ಬಿಗಿಯಾಗಿ ಕೂರಬೇಕಾದದ್ದು ಒಳ ಉಂಗುರ. ನಾವು ಬಡಿಯುವುದು ಕೈಗೆ ಎಟಕುವ ಹೊರ ಉಂಗುರಕ್ಕೆ. ಆ ಪೆಟ್ಟು ಒಳ ಉಂಗುರವನ್ನು ತಲುಪಬೇಕಾದರೆ ಗುಂಡುಗಳ ಮೂಲಕವೇ ಹಾದುಹೋಗಬೇಕು. ಆಗ ಗುಂಡು ಕೂರುವ ಹಾದಿಯಲ್ಲಿ ಕಣ್ಣಿಗೆ ಕಾಣದಷ್ಟು ಸಣ್ಣ ಕುಳಿಗಳು ಮೂಡುತ್ತವೆ. ಹೊಸ ಬೇರಿಂಗು ಅಂದೇ ಹಳೆಯದಾಗುತ್ತದೆ. ವರ್ಷಗಟ್ಟಲೆ ಬಾಳಬೇಕಾದದ್ದು ತಿಂಗಳುಗಳಲ್ಲಿ ಸದ್ದು ಮಾಡತೊಡಗುತ್ತದೆ. ಆಗ ನಾವು ‘ಈಗಿನ ಮಾಲು ಒಳ್ಳೆಯದಿಲ್ಲ’ ಎಂದು ಅಂಗಡಿಯವರನ್ನು ದೂರುತ್ತೇವೆ. ಎರಡು ಮೂರು ಬಾರಿ ಹೀಗಾದ ಮೇಲೆ ಶಾಫ್ಟೂ ಸವೆದು, ಇಡೀ ಯಂತ್ರ ಗುಜರಿಯ ದಾರಿ ಹಿಡಿಯುತ್ತದೆ.

ಆದ್ದರಿಂದ ನಿಯಮ ಇಷ್ಟೇ: ಯಾವ ಉಂಗುರ ಬಿಗಿಯಾಗಿ ಕೂರಬೇಕೋ ಆ ಉಂಗುರಕ್ಕೇ, ಸುತ್ತಲೂ ಸಮನಾಗಿ, ನಿಧಾನವಾಗಿ ಒತ್ತಡ ಬೀಳಬೇಕು. ಶಾಫ್ಟಿಗಾದರೆ ಒಳ ಉಂಗುರ, ಗೂಡಿಗಾದರೆ ಹೊರ ಉಂಗುರ. ಆ ಉಂಗುರದ ಅಳತೆಗೆ ಸರಿಯಾದ ಕಬ್ಬಿಣದ ಕೊಳವೆಯ ತುಂಡೊಂದನ್ನು ನಡುವೆ ಇಟ್ಟು ಒತ್ತಿದರೆ ಗುಂಡುಗಳಿಗೆ ಭಾರ ತಾಗುವುದೇ ಇಲ್ಲ. ಹೀಗೆ ಸಮನಾಗಿ, ನಿಧಾನವಾಗಿ ಒತ್ತುವುದಕ್ಕೆಂದೇ ಪ್ರೆಸ್ ಇರುವುದು.

ಒಬ್ಬರ ಕೈಬಲದಿಂದ ಏಳು ಟನ್

ವಿದ್ಯಾರ್ಥಿಗಳು ಇಲ್ಲಿ ಸ್ವಲ್ಪ ಗಮನವಿಡಬೇಕು. ಮುಚ್ಚಿದ ದ್ರವದ ಮೇಲೆ ಹಾಕಿದ ಒತ್ತಡ ಎಲ್ಲ ದಿಕ್ಕಿಗೂ ಸಮನಾಗಿ ಹರಡುತ್ತದೆ ಎಂಬ ತತ್ತ್ವವನ್ನು ಫ್ರಾನ್ಸಿನ ಬ್ಲೇಸ್ ಪ್ಯಾಸ್ಕಲ್ 17ನೆಯ ಶತಮಾನದಲ್ಲಿ ನಿರೂಪಿಸಿದನು. ಅದನ್ನು ಬಳಸಿ ಇಂಗ್ಲೆಂಡಿನ ಜೋಸೆಫ್ ಬ್ರಾಮಾ 1795ರಲ್ಲಿ ಹೈಡ್ರಾಲಿಕ್ ಪ್ರೆಸ್ಸಿಗೆ ಪೇಟೆಂಟ್ ಪಡೆದನು. ಲಾರಿಗಳಲ್ಲಿ ಇಟ್ಟುಕೊಳ್ಳುವ ಬಾಟಲ್ ಜ್ಯಾಕ್ ಅದೇ ಕುಲದ್ದು.

ಒಂದು ಜ್ಯಾಕಿನ ಪಂಪಿನ ಕಡ್ಡಿ 10 ಮಿ.ಮೀ. ವ್ಯಾಸದ್ದು, ಎತ್ತುವ ಕಂಬ 40 ಮಿ.ಮೀ. ವ್ಯಾಸದ್ದು ಎಂದಿಟ್ಟುಕೊಳ್ಳಿ. ವ್ಯಾಸ ನಾಲ್ಕು ಪಟ್ಟು, ಆದ್ದರಿಂದ ವಿಸ್ತೀರ್ಣ 16 ಪಟ್ಟು. ಹಿಡಿಯ ಸನ್ನೆ 15 ಪಟ್ಟು ಬಲ ಕೊಡುತ್ತದೆ ಎನ್ನೋಣ. ಹಿಡಿಯ ತುದಿಯನ್ನು 30 ಕಿಲೋ ಭಾರದಷ್ಟು ಅದುಮಿದರೆ ಕಂಬ ಒತ್ತುವ ಬಲ 30 × 15 × 16, ಅಂದರೆ 7,200 ಕಿಲೋ! ಆದರೆ ಪ್ರಕೃತಿ ಏನನ್ನೂ ಪುಕ್ಕಟೆ ಕೊಡುವುದಿಲ್ಲ. ಬಲ 240 ಪಟ್ಟು ಹೆಚ್ಚಿದಂತೆ ಚಲನೆ 240 ಪಟ್ಟು ಕುಗ್ಗುತ್ತದೆ. ಕಂಬ 1 ಮಿ.ಮೀ. ಏರಲು ಹಿಡಿಯ ತುದಿ 24 ಸೆ.ಮೀ. ಚಲಿಸಬೇಕು. ಈ ನಿಧಾನವೇ ಪ್ರೆಸ್ಸಿನ ಗುಣ.

ಬೇರಿಂಗಿನ ಮೇಲೆ ಬರೆದಿರುವ ಸಂಖ್ಯೆಯನ್ನೂ ಓದಲು ಕಲಿಯಿರಿ. 6204 ಎಂದಿದ್ದರೆ ಕೊನೆಯ ಎರಡು ಅಂಕಿಗಳನ್ನು 5ರಿಂದ ಗುಣಿಸಿ. ಒಳರಂಧ್ರ 20 ಮಿ.ಮೀ. 6205 ಆದರೆ 25 ಮಿ.ಮೀ. ಈ ಲೆಕ್ಕ 04ರಿಂದ ಮೇಲಕ್ಕೆ ಅನ್ವಯಿಸುತ್ತದೆ. 6203ರ ಒಳರಂಧ್ರ 17 ಮಿ.ಮೀ. ಸಂಖ್ಯೆ ತಿಳಿದಿದ್ದರೆ ಕೆಟ್ಟ ಬೇರಿಂಗನ್ನು ಕೈಯಲ್ಲಿ ಹಿಡಿದು ಅಂಗಡಿ ಅಂಗಡಿ ಅಲೆಯಬೇಕಾಗಿಲ್ಲ.

ಪ್ರೆಸ್ ಬೇಕೇ ಬೇಕೆ?

ಬೇಡದ ಸಾಧನವನ್ನು ಕೊಳ್ಳಬಾರದು ಎಂಬುದು ನಮ್ಮ ಬಳಗ ಒಪ್ಪಿದ ಮಾತು. ಆದ್ದರಿಂದ ಪ್ರೆಸ್ ಇಲ್ಲದೆ ಆಗುವ ಕೆಲಸಗಳನ್ನು ಮೊದಲು ಹೇಳುತ್ತೇನೆ. ಉಕ್ಕು ಬಿಸಿಗೆ ಹಿಗ್ಗುತ್ತದೆ. 20 ಮಿ.ಮೀ. ರಂಧ್ರದ ಬೇರಿಂಗನ್ನು ಕೋಣೆಯ ಉಷ್ಣತೆಗಿಂತ 70 ಡಿಗ್ರಿ ಸೆಲ್ಸಿಯಸ್ ಹೆಚ್ಚು ಕಾಯಿಸಿದರೆ ರಂಧ್ರ ಸುಮಾರು 17 ಮೈಕ್ರಾನ್ ಹಿಗ್ಗುತ್ತದೆ. ಸಾಮಾನ್ಯ ಬಿಗಿತಕ್ಕೆ ಅಷ್ಟು ಸಾಕು, ಬೇರಿಂಗು ಕೈಯಿಂದಲೇ ಜಾರಿ ಕೂರುತ್ತದೆ. ತೆರೆದ ಬೇರಿಂಗನ್ನು ಶುದ್ಧ ಎಣ್ಣೆಯಲ್ಲಿ, ಪಾತ್ರೆಯ ತಳಕ್ಕೆ ತಾಗದಂತೆ ತಂತಿಯಲ್ಲಿ ತೂಗುಬಿಟ್ಟು ಕಾಯಿಸಬಹುದು. ಉಷ್ಣತೆ 120 ಡಿಗ್ರಿ ಮೀರಕೂಡದು. ಒಲೆಯ ಬೆಂಕಿಗೆ ನೇರವಾಗಿ ಹಿಡಿಯಲೇಕೂಡದು. ಎರಡೂ ಬದಿ ಮುಚ್ಚಿದ, ಒಳಗೆ ಗ್ರೀಸ್ ತುಂಬಿದ ಬೇರಿಂಗನ್ನು ಎಣ್ಣೆಯಲ್ಲಿ ಅದ್ದಬಾರದು.

ಕೂರಿಸುವುದಕ್ಕೆ ಬಿಸಿ ಸಾಕಾದರೂ ಕಳಚುವುದಕ್ಕೆ ಸಾಲದು. ಸುಲಭವಾದ ಸ್ಥಳದಲ್ಲಿದ್ದರೆ ಮೂರು ಕಾಲಿನ ಪುಲ್ಲರ್ ಸಾಕು. ಸಣ್ಣ ಬುಷ್‌ಗಳಿಗೆ ಹಲ್ಲುಪಟ್ಟಿಯಿಂದ ನಡೆಯುವ, ಎಣ್ಣೆಯೇ ಬೇಡದ ಒಂದು ಟನ್ನಿನ ಆರ್ಬರ್ ಪ್ರೆಸ್ ಸಾಕು. ಆದರೆ ಒಂದು ಮಳೆಗಾಲ ಕಳೆದು ತುಕ್ಕಿನಿಂದ ಕಚ್ಚಿಕೊಂಡ ಬೇರಿಂಗು, ಟಿಲ್ಲರಿನ ಗೇರು, ಪಂಪಿನ ಇಂಪೆಲ್ಲರ್ ಹಿಂದಿನ ಬುಷ್ ಇವುಗಳಿಗೆ ಹಲವು ಟನ್ನಿನ ಬಲ ಬೇಕು. ನಮ್ಮ ಬಗೆಯ ಯಂತ್ರಗಳಿಗೆ 10 ಟನ್ನಿನ ಪ್ರೆಸ್ ಧಾರಾಳ. 20, 30 ಟನ್ನಿನದು ಲಾರಿ, ಟ್ರ್ಯಾಕ್ಟರುಗಳ ಗ್ಯಾರೇಜಿಗೆ ಇರಲಿ.

ಕೊಳ್ಳುವುದಾದರೆ

ಸಿದ್ಧವಾದ ಪ್ರೆಸ್ ಕೊಳ್ಳುವಾಗ ಬಣ್ಣ ನೋಡಬೇಡಿ, ಬೆಸುಗೆ ನೋಡಿ. ಬೆಸುಗೆಯ ಅಂಚಿನಲ್ಲಿ ಬಿರುಕು, ರಂಧ್ರ ಇರಬಾರದು. ಕಂಬಗಳು ತೊಲೆಗೆ ಲಂಬವಾಗಿವೆಯೇ ಎಂದು ಮೂಲೆಮಟ್ಟದಿಂದ ಪರೀಕ್ಷಿಸಿ. ಜ್ಯಾಕನ್ನು ಪೂರ್ತಿ ಏರಿಸಿ, ಭಾರ ಹೊರಿಸಿ ಹದಿನೈದು ನಿಮಿಷ ಬಿಡಿ. ತಾನಾಗಿ ಕುಸಿದರೆ ಅಥವಾ ಎಣ್ಣೆ ಜಿನುಗಿದರೆ ಅದು ಬೇಡ. ಕೆಳಗಿನ ತೊಲೆಯ ಮೇಲಿಡುವ ಫಲಕಗಳು ಎರಕದ ಕಬ್ಬಿಣದವಾಗಿದ್ದರೆ ಅವನ್ನು ಬಿಟ್ಟು, ದಪ್ಪ ಉಕ್ಕಿನ ಫಲಕಗಳನ್ನು ಕತ್ತರಿಸಿಕೊಳ್ಳಿ. ಎರಕದ ಕಬ್ಬಿಣ ಬಾಗುವುದಿಲ್ಲ, ಸೂಚನೆಯಿಲ್ಲದೆ ಸಿಡಿಯುತ್ತದೆ.

ಕಟ್ಟುವುದಾದರೆ

ವೆಲ್ಡಿಂಗ್ ಬಲ್ಲವರು ಇಂದು ಬಹುತೇಕ ಎಲ್ಲ ಊರುಗಳಲ್ಲಿದ್ದಾರೆ. ಆದರೆ ಪ್ರೆಸ್ ಕಟ್ಟುವುದು ಗೇಟು ಕಟ್ಟಿದಂತಲ್ಲ. ಇದರ ಮೊದಲ ಸೂತ್ರ, ಜ್ಯಾಕಿಗಿಂತ ಚೌಕಟ್ಟು ಬಲವಾಗಿರಬೇಕು. ಜ್ಯಾಕಿಗೆ ದಣಿವಿಲ್ಲ. ಅದು ತನ್ನ ಶಕ್ತಿಯಿರುವವರೆಗೆ ತಳ್ಳುತ್ತದೆ. ಚೌಕಟ್ಟು ಸೋತರೆ ಮುರಿಯುವ ಕಬ್ಬಿಣ ಎದುರಿಗಿರುವವರ ಮೇಲೆ ಬರುತ್ತದೆ.

ಲೆಕ್ಕ ಹಾಕೋಣ. ಆಧಾರಗಳ ನಡುವಿನ ಅಂತರ 50 ಸೆ.ಮೀ., ನಡುವಿನಲ್ಲಿ 10 ಟನ್ ಭಾರ. ಬಾಗಿಸುವ ಪ್ರಭಾವ 10,000 × 50 ÷ 4, ಅಂದರೆ 1,25,000 ಕಿಲೋ-ಸೆಂಟಿಮೀಟರ್. ತೊಲೆಗೆ ಐಎಸ್‌ಎಂಸಿ 100, ಅಂದರೆ 100 ಮಿ.ಮೀ. ಎತ್ತರದ ಸಿ ಆಕಾರದ ಚಾನಲ್ ಎರಡನ್ನು ಜೋಡಿಸಿದರೆ ಅದರ ಉಕ್ಕಿನ ಮೇಲೆ ಪ್ರತಿ ಚದರ ಸೆ.ಮೀ.ಗೆ ಸುಮಾರು 1,690 ಕಿಲೋ ಒತ್ತಡ ಬೀಳುತ್ತದೆ. ಸಾಮಾನ್ಯ ಉಕ್ಕು ಶಾಶ್ವತವಾಗಿ ಬಾಗತೊಡಗುವುದು ಸುಮಾರು 2,500 ಕಿಲೋದಲ್ಲಿ. ಸುರಕ್ಷತೆ ಒಂದೂವರೆ ಪಟ್ಟು ಮಾತ್ರ, ಅದು ಸಾಲದು. ಐಎಸ್‌ಎಂಸಿ 125 ಎರಡನ್ನು ಬಳಸಿದರೆ ಒತ್ತಡ ಸುಮಾರು 950 ಕಿಲೋಗೆ ಇಳಿದು, ಸುರಕ್ಷತೆ ಎರಡೂವರೆ ಪಟ್ಟು ಮೀರುತ್ತದೆ. ಚಾನಲ್ಲಿನ ಎತ್ತರ ಕೇವಲ ಒಂದು ಅಂಗುಲ ಹೆಚ್ಚಿದ್ದರಿಂದ ಇಷ್ಟು ವ್ಯತ್ಯಾಸ. ನೀವು ಪುಸ್ತಕದಲ್ಲಿ ಓದುವ ಸೂತ್ರ ಒಬ್ಬರ ಕೈಬೆರಳನ್ನು ಉಳಿಸುವುದು ಹೀಗೆ.

ಮೇಲಿನ ತೊಲೆಯನ್ನು ಬೆಸುಗೆಯೊಂದರ ಮೇಲೆಯೇ ನೆಚ್ಚಬೇಡಿ. ಪ್ರತಿ ತುದಿಗೆ 8.8 ದರ್ಜೆಯ 16 ಮಿ.ಮೀ. ಬೋಲ್ಟುಗಳನ್ನು ನಾಲ್ಕರಂತೆ ಹಾಕಿ. ಕೆಳಗಿನ ತೊಲೆ ಕುಳಿತುಕೊಳ್ಳುವ ಪಿನ್ನುಗಳು 25 ಮಿ.ಮೀ. ವ್ಯಾಸದ ಗಟ್ಟಿ ಉಕ್ಕಿನವಾಗಿರಲಿ. ಅವುಗಳ ರಂಧ್ರಗಳನ್ನು ಗ್ಯಾಸಿನಿಂದ ಸುಟ್ಟು ಮಾಡದೆ ಡ್ರಿಲ್ಲಿನಿಂದ ಕೊರೆಯಿರಿ. ಜ್ಯಾಕಿನ ತಲೆ ತಾಗುವ ಜಾಗದಲ್ಲಿ ಮೇಲಿನ ಚಾನಲ್‌ಗಳ ಅಡಿಗೆ 25 ಮಿ.ಮೀ. ದಪ್ಪದ ಫಲಕ, ಅದರ ಬೆನ್ನಿಗೆ ನಿಂತ ಪಟ್ಟಿಗಳ ಆಸರೆ ಬೇಕು. ಬಾಟಲ್ ಜ್ಯಾಕನ್ನು ತಲೆಕೆಳಗಾಗಿ ಕಟ್ಟಬೇಡಿ. ಸಾಮಾನ್ಯ ಜ್ಯಾಕ್ ಹಾಗೆ ಎಣ್ಣೆ ಎಳೆಯಲಾರದು. ಜಾರುವ ಫಲಕವೊಂದನ್ನು ಎರಡು ಸ್ಪ್ರಿಂಗುಗಳಿಂದ ಮೇಲಿನ ತೊಲೆಗೆ ತೂಗುಹಾಕಿ, ಅದರ ಮೇಲೆ ಜ್ಯಾಕನ್ನು ನೆಟ್ಟಗೆ ಕೂರಿಸಿ. ಜ್ಯಾಕ್ ಮೇಲಿನ ತೊಲೆಯನ್ನು ಒದೆಯುತ್ತದೆ, ಫಲಕ ಕೆಳಗಿಳಿದು ಕೆಲಸವನ್ನು ಒತ್ತುತ್ತದೆ. ಕವಾಟ ಸಡಿಲಿಸಿದಾಗ ಸ್ಪ್ರಿಂಗು ಅದನ್ನು ಹಿಂದಕ್ಕೆಳೆಯುತ್ತದೆ. ಕೆಲಸಕ್ಕಿಳಿಯುವ ಮುನ್ನ ನಿಮ್ಮ ನಕ್ಷೆಯನ್ನು ಹತ್ತಿರದ ಐ.ಟಿ.ಐ. ಅಥವಾ ಪಾಲಿಟೆಕ್ನಿಕ್ಕಿನ ಅಧ್ಯಾಪಕರಿಗೆ ತೋರಿಸಿ.

ಎಚ್ಚರಿಕೆಗಳು

ಬೇರಿಂಗಿನ ಉಕ್ಕು ಗಡುಸಾದದ್ದು, ಒತ್ತಡ ತಪ್ಪಿದರೆ ಒಡೆದು ಚೂರುಗಳು ಹಾರುತ್ತವೆ. ಕನ್ನಡಕವಿಲ್ಲದೆ ಹಿಡಿ ಮುಟ್ಟಬಾರದು. ಕೆಲಸದ ಮುಂದೆ ದಪ್ಪ ತಗಡಿನ ಮರೆಯಿರಬೇಕು. ನಿಲ್ಲುವುದು ಎದುರಿಗಲ್ಲ, ಪಕ್ಕದಲ್ಲಿ. ಒತ್ತಡದಲ್ಲಿರುವ ವಸ್ತುವನ್ನು ಸರಿಪಡಿಸಲು ಕೈ ಹಾಕಬಾರದು. ಮೊದಲು ಕವಾಟ ಸಡಿಲಿಸಿ, ಅನಂತರ ಕೈ. ಹಿಡಿಗೆ ಉದ್ದನೆಯ ಪೈಪು ಸಿಕ್ಕಿಸಿ ಬಲ ಹೆಚ್ಚಿಸುವ ಜಾಣತನ ಬೇಡ. ಹಿಡಿ ಭಾರವಾಯಿತೆಂದರೆ ಯಂತ್ರ ‘ನಿಲ್ಲು’ ಎನ್ನುತ್ತಿದೆ ಎಂದರ್ಥ. ಎಲ್ಲಿಯಾದರೂ ಲಾಕ್ ಉಂಗುರ ಉಳಿದಿದೆಯೇ, ಓರೆಯಾಗಿದೆಯೇ ಎಂದು ಮತ್ತೆ ನೋಡಬೇಕು. ವಿದ್ಯಾರ್ಥಿಗಳು ಬಲ್ಲವರ ಜೊತೆಯಿಲ್ಲದೆ ಇದರ ಬಳಿ ಹೋಗಬಾರದು.

ಬೆಟ್ಟದ ಲೆಕ್ಕ

ಈಗ ಆರಂಭದ ಪ್ರಶ್ನೆಗೆ ಬರುತ್ತೇನೆ. ಕುದುರೆಮುಖದ ಕಥೆ ನಮಗೆ ಹೊಸದಲ್ಲ. ತುಂಗಾ, ಭದ್ರಾ, ನೇತ್ರಾವತಿಗಳ ತವರಾದ ಆ ಶ್ರೇಣಿಯಲ್ಲಿ ಕಬ್ಬಿಣದ ಅದಿರಿಗಾಗಿ 1976ರಲ್ಲಿ ಕಂಪನಿ ಸ್ಥಾಪನೆಯಾಯಿತು. ದೀರ್ಘ ಹೋರಾಟದ ನಂತರ 2002ರಲ್ಲಿ ಸರ್ವೋಚ್ಚ ನ್ಯಾಯಾಲಯ ನೀಡಿದ ತೀರ್ಪಿನಂತೆ 2005ರ ಡಿಸೆಂಬರ್ ಅಂತ್ಯಕ್ಕೆ ಅಲ್ಲಿನ ಗಣಿಗಾರಿಕೆ ನಿಂತಿತು. ಬಳ್ಳಾರಿಯ ಗಣಿಗಾರಿಕೆಯನ್ನು ಅದೇ ನ್ಯಾಯಾಲಯ 2011ರಲ್ಲಿ ತಡೆಯಿತು. ಮುಂದೆ ಷರತ್ತುಗಳೊಡನೆ ಅದು ಮತ್ತೆ ಆರಂಭವಾಯಿತು. ಒಂದು ಬೆಟ್ಟ ಉಳಿದರೆ ಅಗೆತ ಇನ್ನೊಂದು ಬೆಟ್ಟಕ್ಕೆ ಹೋಗುತ್ತದೆ, ಏಕೆಂದರೆ ಕಬ್ಬಿಣ ಬೇಕೆನ್ನುವವರಲ್ಲಿ ನಾವೂ ಇದ್ದೇವೆ. ಊದುಕುಲುಮೆಯ ದಾರಿಯಲ್ಲಿ ಒಂದು ಟನ್ ಉಕ್ಕು ತಯಾರಾಗಲು ಸುಮಾರು 1.4 ಟನ್ ಅದಿರೂ ಸುಮಾರು 0.8 ಟನ್ ಕಲ್ಲಿದ್ದಲೂ ಬೇಕು.

ಪ್ರಾಮಾಣಿಕವಾಗಿ ಹೇಳುವುದಾದರೆ ನಾನು ವಿವರಿಸಿದ ಪ್ರೆಸ್ಸೇ ಸುಮಾರು 100 ಕಿಲೋ ಉಕ್ಕು ನುಂಗುತ್ತದೆ, ಅಂದರೆ 140 ಕಿಲೋ ಅದಿರು. ತಲಾ 25 ಕಿಲೋ ತೂಕದ ನಾಲ್ಕು ಪಂಪುಗಳ ಬದಲಿಗೆ ಹೊಸ ಪಂಪು ಕೊಳ್ಳುವುದು ತಪ್ಪಿದಾಗ ಮಾತ್ರ ಆ ಸಾಲ ತೀರುತ್ತದೆ. ಗುಜರಿಯ ಒಳ್ಳೆಯ ಚಾನಲ್ಲುಗಳನ್ನು, ತುಕ್ಕು ತಿನ್ನದವುಗಳನ್ನು, ಆರಿಸಿ ಕಟ್ಟಿದರೆ ಸಾಲ ಇನ್ನೂ ಕಡಿಮೆ. ಆದರೆ ಮನೆಗೊಂದರಂತೆ ಪ್ರೆಸ್ ಕೊಂಡು, ವರ್ಷಕ್ಕೆರಡು ಬಾರಿ ಬಳಸಿ, ಉಳಿದ ದಿನ ತುಕ್ಕು ಹಿಡಿಸಿದರೆ ಆ ಸಾಲ ಎಂದಿಗೂ ತೀರದು. ಆದ್ದರಿಂದಲೇ ನಾನು ಹೇಳುತ್ತಿರುವುದು ಮನೆಗೊಂದಲ್ಲ, ಊರಿಗೊಂದು.

ಮುಯ್ಯಾಳಿನ ದಾರಿ

ಇದು ನಮಗೆ ಅಪರಿಚಿತ ಪದ್ಧತಿಯೂ ಅಲ್ಲ. ನಾಟಿಯ ಕಾಲಕ್ಕೆ ಮುಯ್ಯಾಳು, ಆಲೆಮನೆಯ ಕಾಲಕ್ಕೆ ಸರದಿಯ ಗಾಣ, ಮದುವೆಗೆ ಊರೊಟ್ಟಿನ ದೊಡ್ಡ ಹಂಡೆ, ಇವೆಲ್ಲ ನಮ್ಮಲ್ಲಿದ್ದವು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಆರಂಭವಾದ ‘ಅಸ್ತ್ರ’ ಕೇಂದ್ರವು ಒಲೆಯನ್ನಷ್ಟೇ ಅಲ್ಲ, ಮಣ್ಣಿನ ಇಟ್ಟಿಗೆ ಒತ್ತುವ ಕೈಯಂತ್ರವನ್ನೂ ರೂಪಿಸಿತು. ಒಂದು ಯಂತ್ರದಿಂದ ಹಲವು ಮನೆಗಳು ಏಳಬಹುದು ಎಂಬುದೇ ಅದರ ಹಿಂದಿನ ವಿಚಾರ.

ಪ್ರೆಸ್ಸಿಗೂ ಇದೇ ರೀತಿ ಒಂದು ಏರ್ಪಾಡು ಸಾಧ್ಯ. ಸಹಕಾರ ಸಂಘದ ಗೋದಾಮಿನ ಮೂಲೆಯಲ್ಲೋ ಕಲಿತ ಒಬ್ಬ ಮೆಕ್ಯಾನಿಕರ ಅಂಗಡಿಯಲ್ಲೋ ಅದನ್ನು ನೆಲಕ್ಕೆ ಬೋಲ್ಟು ಹಾಕಿ ನಿಲ್ಲಿಸಿ. ಅದರ ಹೊಣೆ ಒಬ್ಬರದೇ ಇರಲಿ. ಎಲ್ಲರದೂ ಎಂದರೆ ಯಾರದೂ ಅಲ್ಲ. ಪಕ್ಕದಲ್ಲೊಂದು ಪುಸ್ತಕ ತೂಗುಹಾಕಿ, ಯಾವ ಯಂತ್ರ, ಯಾವ ಸಂಖ್ಯೆಯ ಬೇರಿಂಗು, ಯಾವ ದಿನ ಹಾಕಿದ್ದು ಎಂದು ಬರೆದಿಡಿ. ಎರಡು ವರ್ಷಗಳಲ್ಲಿ ಆ ಪುಸ್ತಕವೇ ಊರಿಗೆ ಯಾವ ಬೇರಿಂಗುಗಳನ್ನು ಮುಂಗಾರಿಗೆ ಮೊದಲೇ ತಂದಿಡಬೇಕೆಂದು ಹೇಳುತ್ತದೆ. ಬಳಸಿದವರಿಂದ ಸಣ್ಣ ಶುಲ್ಕ ಪಡೆದು ಸೀಲು, ಎಣ್ಣೆಗಳ ಖರ್ಚಿಗಿಡಿ.

ಕೇಂದ್ರ ಸರ್ಕಾರದ ಗ್ರಾಹಕ ವ್ಯವಹಾರಗಳ ಇಲಾಖೆಯು 2022ರಲ್ಲಿ ದುರಸ್ತಿಯ ಹಕ್ಕಿನ ಕುರಿತು ಸಮಿತಿಯೊಂದನ್ನು ರಚಿಸಿತು. ಅದು ಆರಿಸಿಕೊಂಡ ಕ್ಷೇತ್ರಗಳಲ್ಲಿ ಕೃಷಿ ಉಪಕರಣಗಳೂ ಸೇರಿವೆ. ಬಿಡಿಭಾಗ, ಕೈಪಿಡಿಗಳನ್ನು ಕೊಡಬೇಕೆಂದು ತಯಾರಕರನ್ನು ನಾವು ಕೇಳಲೇಬೇಕು. ಆದರೆ ಬಿಡಿಭಾಗ ಕೈಗೆ ಬಂದ ದಿನ ಅದನ್ನು ಕೆಡಿಸದೆ ಕೂರಿಸುವ ಸಾಧನ ಮತ್ತು ವಿದ್ಯೆ ನಮ್ಮೂರಿನಲ್ಲಿ ಇಲ್ಲದಿದ್ದರೆ ಆ ಹಕ್ಕು ಕಾಗದದಲ್ಲಿಯೇ ಉಳಿಯುತ್ತದೆ.

ಅಡಿಕೆ ಕೊಯ್ಲು ಮುಗಿದು ಬೇಸಿಗೆಯ ಬಿಡುವು ಸಿಕ್ಕಾಗ ಎರಡು ಮೂರು ಊರುಗಳವರಾದರೂ ಸೇರಿ ಈ ಕೆಲಸಕ್ಕೆ ಕೈಹಾಕಬೇಕೆಂದು ಕೇಳಿಕೊಳ್ಳುತ್ತೇನೆ. ವಿದ್ಯಾರ್ಥಿಗಳು ಅಲ್ಲಿಯವರೆಗೆ ಒಂದು ಕೆಲಸ ಮಾಡಬಹುದು. ನಿಮ್ಮ ಊರಿನ ಮನೆಮನೆಗೂ ಹೋಗಿ, ಕೆಟ್ಟು ಮೂಲೆ ಸೇರಿರುವ ಯಂತ್ರಗಳೆಷ್ಟು, ಅವುಗಳಲ್ಲಿ ಬೇರಿಂಗಿನಿಂದಲೇ ನಿಂತವೆಷ್ಟು ಎಂದು ಎಣಿಸಿ ಬರೆದು ತನ್ನಿ. ನಮ್ಮ ಊರಿಗೆ ಪ್ರೆಸ್ ಬೇಕೋ ಬೇಡವೋ ಎಂಬುದನ್ನು ಆ ಪಟ್ಟಿ ನೋಡಿ ತೀರ್ಮಾನಿಸೋಣ.